ಅಡಿಟಿಪ್ಪಣಿ ನಲವತ್ತೊಂದು

ಗದಗಿನ ಪ್ಯಾಸೆಂಜರ್ ಅಣ್ಣಿಗೇರಿ ದಾಟುವಾಗ
ಎರಡೂ ಬದಿ ಎರೆಹೊಲ, ಒಡೆದ ಕಾಯಿ,
ಬಿಡಿಸುವ ಹೆಂಗಸರ ಉಡಿ ತುಂಬ ಬಿಳುಪು.
ನನ್ನ ತೊಡೆಯ ಮೇಲೆ ಮೂರನೆಯ ಅಧ್ಯಾಯ:
ಹತ್ತಿಗೆ ಬೆಂಕಿ ತಾಗಿದರೆ
ಸುಡುವುದು ಬೆಂಕಿಯೋ,
ತಾಗಿದ ಹೊತ್ತಿಗೇ ಸರಿಯಾಗಿ
ಸುಡುವುದನ್ನೂ ಸೃಷ್ಟಿಸುವ ಅವನೋ?

ನೂರಾರು ವರ್ಷಗಳ ಕೆಳಗೆ
ಈ ಎರೆಭೂಮಿ ಕಾಣದ ಹಿರಿಯರು
ಇದಕ್ಕಾಗಿ ಮಸಿಕುಡಿಕೆ ಬರಿದು ಮಾಡಿದರು.
ಒಬ್ಬರೆಂದರು: ಅದು ಬೆಂಕಿಯ ಗುಣ, ಬೇರೆ ದಾರಿಯಿಲ್ಲ.
ಇನ್ನೊಬ್ಬರೆಂದರು: ನೀವು ಕಂಡದ್ದು ಎರಡೂ ಜೊತೆಗಿದ್ದದ್ದನ್ನು,
ಕಾರಣವನ್ನಲ್ಲ. ದಿನಾ ಕಂಡು ಕಂಡು
ಕಣ್ಣಿಗೆ ಬಿದ್ದ ರೂಢಿ.

ರೂಢಿ. ಆ ಅರಬ್ಬಿ ಪದಕ್ಕೆ ಈ ಪದ ಸಿಗಲು
ನನಗೆ ಒಂದಿಡೀ ಮಳೆಗಾಲ ಹಿಡಿಯಿತು.
ಹಳೇ ಹುಬ್ಬಳ್ಳಿಯ ಅರಬ್ಬಿ ಕಾಲೇಜಿನ ಮಾಳಿಗೆಯಲ್ಲಿ
ಹಂಚಿನಮನಿ ಉಸ್ತಾದರು 'ಸ್ವಭಾವ'ವನ್ನು ಹೊಡೆದುಹಾಕಿದರು,
'ನಿಯಮ'ವನ್ನು ಹೊಡೆದುಹಾಕಿದರು,
'ಚಟ' ಎಂದು ಬರೆದದ್ದಕ್ಕೆ ನಕ್ಕು ಚಹಾ ತರಿಸಿದರು.
"ದೇವರಿಗೆ ಚಟ ಹಚ್ಚಬ್ಯಾಡವಾ."

ಅಪ್ಪ ಬುಡನಸಾಬ ನದಾಫ,
ಬೆಟಗೇರಿ ರಸ್ತೆಗೆ ಗಾದಿ ಅಂಗಡಿ.
ಬಿಲ್ಲು ಈಗ ಗೋಡೆಯ ಮೇಲೆ, ಹುರಿ ಸಡಿಲಾಗಿ;
ಹಿಂಜುವುದು ಯಂತ್ರ. ಆದರೂ ಅರಳಿ ಮುಟ್ಟಿದ ಕೂಡಲೆ
ಯಾವ ಹೊಲದ್ದು, ಎಷ್ಟು ಮಳೆ ಕುಡಿದದ್ದು, ಹೇಳುತ್ತಾನೆ.
ರೆಪ್ಪೆಯ ಮೇಲೆ ಯಾವಾಗಲೂ ಒಂದು ಎಳೆ.

"ಏನ್ ಓದಾಕತ್ತೀ?"
ಹೇಳಿದೆ. ಸೂಜಿ ನಿಲ್ಲಲಿಲ್ಲ.
"ಬೆಂಕಿ ಸುಡತೈತೋ, ಅಲ್ಲಾ ಸುಡತಾನೋ?
ಅದಕ್ಕ ಸರ್ಕಾರ ನಿನಗ ರೊಕ್ಕ ಕೊಡತೈತಿ?"
ನಾಲ್ಕು ಹೊಲಿಗೆ ಹಾಕಿ, ದಾರ ಹರಿದು:
"ಜಿನ್ನಿಂಗ್ ಗೋದಾಮಿಗೆ ಬೆಂಕಿ ಬಿತ್ತಲ್ಲ, ನೀ ಹುಟ್ಟಿದ ವರ್ಷ.
ಬಿಡಿ ಅರಳಿ ಕಣ್ಣು ಮುಚ್ಚಿ ತೆರಿಯೂದ್ರಾಗ ಹೋತು.
ಬಿಗಿದ ಅಂಡಗಿ ಹೋಗಲಿಲ್ಲ, ಮ್ಯಾಲೆ ಬರೇ ಕರಿ.
ಉಳೀತು ಅಂದ್ವಿ. ಬಂಡಿಗೆ ಹೇರಿದ್ವಿ.
ನಾಕನೇ ದಿನ ನಮ್ಮಪ್ಪ ಕುಡಗೋಲಿನಿಂದ ಒಂದು ಸೀಳಿದ.
ಒಳಗ ಕೆಂಪಗ ಕುಂತಿತ್ತು.
ಗಾಳಿ ತಾಗಿದ ಕೂಡ್ಲೆ ಎದ್ದು ನಿಂತಿತು.
ಹತ್ತಿ ಗಡಿಬಿಡಿ ಮಾಡೂದಿಲ್ಲವಾ,
ಅಪ್ಪಣಿ ಬರೂತನಾ ಕಾಯತೈತಿ."

ಅದನ್ನು ಅಡಿಟಿಪ್ಪಣಿ ನಲವತ್ತೊಂದಕ್ಕೆ ಇಳಿಸಿದೆ.
ಆಕರ ಏನು ಬರೆಯಲಿ? ಪ್ರಕಾಶಕರು? ಪುಟ?
ನಮ್ಮ ವಿದ್ಯೆಯಲ್ಲಿ ಒಂದು ಹಳೆಯ ದಾರಿಯಿದೆ,
ಯಾರು ಯಾರಿಂದ ಕೇಳಿದರೆಂದು
ಕೊಂಡಿಗೆ ಕೊಂಡಿ ಹಾಕುವುದು. ಹಾಕಿದೆ:
ದಾವಲಬಿ ಕೇಳಿದ್ದು ಬುಡನಸಾಬನಿಂದ,
ಬುಡನಸಾಬ ಕಂಡದ್ದು ಹಜರೇಸಾಬನ ಕುಡಗೋಲಿನ ಬದಿಗೆ ನಿಂತು,
ಹಜರೇಸಾಬ ಕೇಳಿದ್ದು ತನ್ನ ಅಜ್ಜಿಯಿಂದ,
ಆಕೆಯ ಹೆಸರು ಈಗ ಯಾರಿಗೂ ನೆನಪಿಲ್ಲ;
'ಹಿಂಜೂವ್ರ ಮುದುಕಿ' ಎಂದು
ನರಗುಂದದ ಕಡೆ ಕರೆಯುತ್ತಿದ್ದರಂತೆ.

ಉಸ್ತಾದರು ಕನ್ನಡಕ ಹಣೆಗೇರಿಸಿ ಓದಿದರು.
ಕೆಳಗೆ ಹುಡುಗರು ಕ್ರಿಯಾಪದ ಒಪ್ಪಿಸುತ್ತಿದ್ದರು,
ಹೊಡೆದನು, ಹೊಡೆದರು, ಹೊಡೆದಳು.
ಮುದುಕಿಯ ಬಳಿ ಪೆನ್ಸಿಲ್ ನಿಂತಿತು.
"ಹೆಸರಿಲ್ಲದ ಕೊಂಡಿ. ಸರಪಳಿ ದುರ್ಬಲ."
ಅಂಚಿನಲ್ಲಿ ಹಾಗೇ ಬರೆದರು, ಅರಬ್ಬಿಯಲ್ಲಿ, ಒಂದೇ ಪದ.
ಅಡ್ಡಗೆರೆ ಬೀಳುತ್ತದೆಂದು ಕಾದೆ.
ಪುಟ ತಿರುವಿದರು.
"ದುರ್ಬಲ ಅಂದ್ರ ಸುಳ್ಳು ಅಲ್ಲ" ಎಂದರು,
ಆಗಲೇ ಮುಂದಿನ ಪುಟದ ಅಲ್ಪವಿರಾಮ ತಿದ್ದುತ್ತ.

ಸಂಜೆಯ ರೈಲು. ಬಾಗಿಲ ಬಳಿ ಕೂತು
ಅದೇ ಪುಟ ಬಿಚ್ಚಿದೆ. ನಡುವೆ ಒಂದು ಎಳೆ,
ಅಪ್ಪನ ರೆಪ್ಪೆಯದೋ ಅಂಗಡಿಯದೋ,
ಊದಿದರೂ ಹೋಗದೆ ಕಾಗದಕ್ಕೆ ಅಂಟಿದ್ದು.
ಎದುರಿನವನು ಬೀಡಿ ಕಚ್ಚಿ
ಕದ್ದು ಕಡ್ಡಿ ಗೀರಿದ.
ನೋಡಿಯೇ ಬಿಡೋಣ ಎನಿಸಿತು ಒಂದು ಕ್ಷಣ,
ಸುಡುವುದು ಯಾರೆಂದು.
ಆದರೂ ಕೈ ಪುಟ ಮುಚ್ಚಿತು.
ರೂಢಿ.